ಶಿರಸಿಯ ಹಳೆ ಮನೆ, ಹತ್ತು ಟೇಬಲ್, ಒಂದು ಕತ್ತಲೆ ಕೋಣೆ

ಆರಿದ್ರಾ ಮಳೆ ಹಿಡಿದ ಮೂರನೇ ದಿನ ನನ್ನ ಮೊದಲ ಗಿರಾಕಿ ಹೆಡ್‌ಫೋನ್ ತೆಗೆದು ಟೇಬಲ್ ಮೇಲಿಟ್ಟರು. ಆಡಿಯೋ ಪುಸ್ತಕಗಳಿಗೆ ದನಿ ಕೊಡುವವರು. ಬೆಳಿಗ್ಗೆಯಿಂದ ಮೂರು ಗಂಟೆ ಓದಿದ್ದರು. ಕೇಳಿ ನೋಡಿದರೆ ಅವರ ದನಿಯ ಹಿಂದೆ ಯಾರೋ ಅಕ್ಕಿ ಹುರಿಯುತ್ತಿರುವ ಹಾಗೆ ಒಂದೇ ಸಮನೆ ಸದ್ದು. ಅದು ಮಾಡಿನ ತಗಡು. ಹೆಂಚು ಸೋರುತ್ತದೆ ಅಂತ ಅಪ್ಪ ಅದರ ಮೇಲೆ ಹೊದೆಸಿದ್ದು. "ಮಳೆ ನಿಂತ ಮೇಲೆ ಬರ್ತೇನೆ ಬಿಡಿ" ಅಂದು ಹೋದರು. ಶಿರಸಿಯಲ್ಲಿ ಮಳೆ ನಿಲ್ಲೋದು ಅಂದರೆ ನವರಾತ್ರಿ ಹತ್ತಿರ ಬರಬೇಕು, ಅಲ್ವಾ?

ನಾನು ಬೆಂಗಳೂರಲ್ಲಿ ಎಂಟು ವರ್ಷ ಗ್ರಾಫಿಕ್ ಡಿಸೈನ್ ಮಾಡಿ ಊರಿಗೆ ಬಂದವನು. ಪೇಟೆಗೆ ಹತ್ತಿರದ ಅಜ್ಜನ ಮನೆ ಖಾಲಿ ಇತ್ತು. ನನ್ನ ಹಾಗೆಯೇ ವಾಪಸ್ ಬಂದ ಅನಿಮೇಷನ್‌ನವರು, ವಿಡಿಯೋ ಎಡಿಟರ್‌ಗಳು, ಚಿತ್ರ ಬರೆಯುವವರು ಒಬ್ಬೊಬ್ಬರೇ ಮನೆಯಲ್ಲಿ ಕೂತು ಬೇಸರಪಡುತ್ತಿದ್ದರು. ಎಲ್ಲರಿಗೂ ಸೇರಿ ಒಂದು ಕೋವರ್ಕಿಂಗ್ ಜಾಗ, ಅಂದರೆ ಟೇಬಲ್ ಬಾಡಿಗೆಗೆ ಹಿಡಿದು ಒಟ್ಟಿಗೆ ಕೂತು ಅವರವರ ಕೆಲಸ ಮಾಡುವ ಜಾಗ, ಮಾಡಿದರೆ ಹೇಗೆ ಅಂತ ಶುರು ಮಾಡಿದ್ದು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ವಾರಕ್ಕೆ ಎರಡು ದಿನದ ಮಟ್ಟಿಗೆ ಇಂಥದ್ದೊಂದು ಜಾಗ ತೆರೆದಾಗ ಮೊದಲ ತಿಂಗಳು ಯಾರೂ ಬರಲಿಲ್ಲವಂತೆ. ನನ್ನಲ್ಲಿ ಜನ ಬಂದರು. ಬಂದವರು ಉಳಿಯಲಿಲ್ಲ, ಅಷ್ಟೇ.

ತಪ್ಪು ನನ್ನದೇ. ಬೆಂಗಳೂರಿನ ಜಾಗಗಳನ್ನು ಕಣ್ಣಲ್ಲಿಟ್ಟುಕೊಂಡು ಕೆಲಸ ಮಾಡಿಸಿದ್ದೆ. ನಡುವಿನ ಗೋಡೆ ಒಡೆಸಿ ಒಂದೇ ದೊಡ್ಡ ಹಾಲ್. ಬೀನ್ ಬ್ಯಾಗ್ ಬೇರೆ. ಒಂದು ಗೋಡೆಗೆ ಮಾರಿಕಾಂಬಾ ಗುಡಿಯ ಕಾವಿ ಚಿತ್ರದ ಕೆಂಪು ಬಣ್ಣ ಬಳಿಸಿದ್ದೆ. ಊರಿನ ಗುರುತು ಇರಲಿ ಅಂತ. ಫೋಟೋದಲ್ಲಿ ಬಹಳ ಚಂದ ಕಾಣುತ್ತಿತ್ತು.

ಆ ಗೋಡೆಯ ಎದುರು ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗ ಕೂರುತ್ತಿದ್ದ. ನಾಲ್ಕು ದಿನ ಕೂತು ಕಲರ್ ಸರಿಮಾಡಿ ಕೊಟ್ಟ ಮೇಲೆ ಮದುವೆಮನೆಯವರ ಫೋನ್ ಬಂತು. ಮದುಮಗಳ ಮುಖ ಜ್ವರ ಬಂದವರ ಹಾಗೆ ಕೆಂಪಾಗಿದೆ ಅಂತ. ಸುತ್ತ ಕೆಂಪು ತುಂಬಿದ್ದರೆ ಪರದೆಯ ಮೇಲಿನ ಕೆಂಪು ಕಣ್ಣಿಗೆ ಕಡಿಮೆ ಅನಿಸುತ್ತದೆ. ಕೈ ತಾನಾಗಿಯೇ ಇನ್ನಷ್ಟು ಸೇರಿಸುತ್ತದೆ. ಡಿಸೈನರ್ ಆಗಿ ನನಗೆ ಇದು ಗೊತ್ತಿರಬೇಕಿತ್ತು. ಮರುವಾರ ಗೋಡೆಗೆ ಬೂದು ಬಣ್ಣ ಬಂತು. ಹೊಳಪಿಲ್ಲದ, ಸಪ್ಪೆ ಬೂದು. ಬಲ್ಬುಗಳನ್ನೂ ಬದಲಿಸಿದೆ. ಡಬ್ಬಿಯ ಮೇಲೆ ಸಿಆರ್‌ಐ (ಆ ಬೆಳಕಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎಂಬ ಅಂಕ) 90ಕ್ಕಿಂತ ಜಾಸ್ತಿ ಅಂತ ಬರೆದಿರುವುದನ್ನೇ ತರಬೇಕು. ಇಲ್ಲವಾದರೆ ಕಾಗದದ ಮೇಲಿನ ಬಣ್ಣ ಸರಿಯಾಗಿ ಕಾಣುವುದಿಲ್ಲ. ಚಿತ್ರ ಬರೆಯುವವರನ್ನು ಬಡಗು ಕಿಟಕಿಯ ಹತ್ತಿರ ಕೂರಿಸಿದೆ. ಅಲ್ಲಿ ನೇರ ಬಿಸಿಲು ಹೆಚ್ಚು ಬೀಳುವುದಿಲ್ಲ. ಬೆಳಕು ದಿನವಿಡೀ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

ಸದ್ದಿನ ಸಮಸ್ಯೆಗೆ ಉತ್ತರ ಮನೆಯೊಳಗೇ ಇತ್ತು. ನಡುಮನೆಯ ಹಿಂದೆ ಒಂದು ಕತ್ತಲೆ ಕೋಣೆ. ಅಜ್ಜಿ ಬೆಲ್ಲದ ಡಬ್ಬ, ಉಪ್ಪಿನಕಾಯಿ ಭರಣಿ ಇಡುತ್ತಿದ್ದ ಜಾಗ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಕಿಟಕಿ ಇಲ್ಲವೇ ಇಲ್ಲ. ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಗೇಣುದ್ದ ಮಣ್ಣು. ಅದಕ್ಕೊಂದು ಕಿಟಕಿ ಇಡಿಸಿ ಮೀಟಿಂಗ್ ರೂಮ್ ಮಾಡಬೇಕು ಅಂತ ಗಾರೆಯವರಿಗೆ ಮುಂಗಡ ಕೂಡ ಕೊಟ್ಟಿದ್ದೆ. ಒಂದು ಜೋರು ಮಳೆಯ ದಿನ ಟಾರ್ಚ್ ಹುಡುಕಲು ಒಳಗೆ ಹೋದವನು ಹಾಗೇ ನಿಂತೆ. ತಗಡಿನ ಸದ್ದು ಎಲ್ಲೋ ಪಕ್ಕದ ಊರಲ್ಲಿ ಆಗುತ್ತಿರುವ ಹಾಗೆ ಕೇಳುತ್ತಿತ್ತು.

ಸದ್ದು ತಡೆಯಲು ಬೇಕಾದದ್ದು ಭಾರ. ಸ್ಪಂಜು ಅಂಟಿಸಿದರೆ ಒಳಗಿನ ಪ್ರತಿಧ್ವನಿ ಕಡಿಮೆಯಾದೀತೇ ಹೊರತು ಹೊರಗಿನ ಸದ್ದು ನಿಲ್ಲುವುದಿಲ್ಲ. ಕೆಲವರು ಗೋಡೆಗೆ ಅಂಟಿಸುವ ಮೊಟ್ಟೆ ಟ್ರೇಯಂತೂ ಸುಮ್ನೆ. (ಅಮ್ಮ ಅದನ್ನು ಮನೆಯೊಳಗೆ ಬಿಡಲೂ ಇಲ್ಲ.) ಭಾರ ಅಜ್ಜನ ಕಾಲದಲ್ಲೇ ಹೇರಿ ಆಗಿತ್ತು. ನಾನು ಮಾಡಿದ್ದು ಇಷ್ಟೇ. ದಪ್ಪ ಬಾಗಿಲು ಇಟ್ಟು ಸುತ್ತ ರಬ್ಬರ್ ಪಟ್ಟಿ ಹಾಕಿಸಿದೆ. ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಐದು ತಂದು, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿದೆ. ಗೋಡೆಗೆ ಅಂಟಿದ ಬಟ್ಟೆಗಿಂತ ಹಿಂದೆ ಗಾಳಿ ಇರುವ ಬಟ್ಟೆ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಗಾರೆಯವರ ಮುಂಗಡ ಮಾತ್ರ ವಾಪಸ್ ಬರಲಿಲ್ಲ.

ಆಮೇಲೆ ತೇವ. ಕಾಗದ ಉಬ್ಬಿ ಪ್ರಿಂಟರ್‌ನಲ್ಲಿ ಸಿಕ್ಕಿಬೀಳುತ್ತಿತ್ತು. ಒಬ್ಬರ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಸ್ಟು ಬಂತು. ಹಾಗಾಗಿ ಗಾಜಿನ ಬಾಗಿಲಿನ ಒಂದು ಡ್ರೈ ಕ್ಯಾಬಿನೆಟ್ ತಂದೆ. ತೇವ ಶೇ. 40ರಿಂದ 50ರ ನಡುವೆ ನಿಲ್ಲುವ ಹಾಗೆ ಇಟ್ಟಿದ್ದೇನೆ. ಟೇಬಲ್ ಬೇಡ, ಅದರಲ್ಲಿ ಒಂದು ಖಾನೆ ಸಾಕು ಅಂತ ತಿಂಗಳ ಬಾಡಿಗೆ ಕೊಡುವ ಫೋಟೋಗ್ರಾಫರ್‌ಗಳೇ ಈಗ ಆರು ಜನ.

ಇಂಟರ್ನೆಟ್ ಬಗ್ಗೆ ಹೇಳಲೇಬೇಕು. ಒಂದು ಹೋದರೆ ಇನ್ನೊಂದು ಇರಲಿ ಅಂತ ಎರಡು ಕಂಪನಿಯ ಫೈಬರ್ ತಗೊಂಡಿದ್ದೆ. ಒಂದು ರಾತ್ರಿ ಮತ್ತಿಮರ ಬಿತ್ತು, ಎರಡೂ ಹೋದವು. ಕಂಪನಿ ಎರಡಾದರೂ ಕೇಬಲ್ ಎಳೆದದ್ದು ಒಂದೇ ಸಾಲು ಕಂಬದ ಮೇಲೆ! ಎರಡನೇ ಸಂಪರ್ಕ ತಗೊಳ್ಳುವವರು ಮೊದಲು ರಸ್ತೆಗೆ ಹೋಗಿ ತಲೆ ಎತ್ತಿ ನೋಡಿ. ಅಪ್‌ಲೋಡ್ ವೇಗವನ್ನೂ ಕೇಳಿ, ಜಾಹೀರಾತಿನಲ್ಲಿರುವುದು ಡೌನ್‌ಲೋಡ್. 100 ಜಿಬಿ ವಿಡಿಯೋ ಕಳಿಸಲು 100 ಎಂಬಿಪಿಎಸ್ ಅಪ್‌ಲೋಡ್ ಇದ್ದರೂ ಎರಡು ಗಂಟೆಗಿಂತ ಜಾಸ್ತಿ ಬೇಕು.

ಎರಡನೇ ಮಳೆಗಾಲಕ್ಕೆ ಯಕ್ಷಗಾನದ ವೇಷಭೂಷಣ ಮಾಡುವ ಹಿರಿಯರೊಬ್ಬರು ಚೀಲ ಹಿಡಿದು ಬಂದರು. "ತಮಾ, ಬೇಗಡೆ ಅಂಟ್ಸಲೆ ಒಂದು ಒಣ ಜಾಗ ಬೇಕಾಗಿತ್ತು. ಅಡ್ಡಿಲ್ಯಾ?" ಬೇಗಡೆ ಅಂದರೆ ವೇಷಕ್ಕೆ ಅಂಟಿಸುವ ಹೊಳೆಯುವ ಹಾಳೆ. ನನ್ನ ಲೆಕ್ಕದಲ್ಲಿ ಕ್ರಿಯೇಟಿವ್ ಅಂದರೆ ಲ್ಯಾಪ್‌ಟಾಪ್ ಇರುವವರು ಮಾತ್ರ ಆಗಿತ್ತು. ನಾಚಿಕೆಯಾಯಿತು. ಹಿಂದಿನ ಕೊಟ್ಟಿಗೆಗೆ ನೆಲ ಹಾಕಿಸಿ ಕೊಳೆ ಕೆಲಸದ ಜಾಗ ಮಾಡಿದೆ. ಮರ ಕೆತ್ತುವುದು, ಅಂಟು, ಬಣ್ಣ ಎಲ್ಲ ಅಲ್ಲಿ. ಕವಳ (ಎಲೆಅಡಿಕೆ) ಹಾಕುವವರಿಗೂ ಅಲ್ಲೇ. ಇದು ಬೆಂಗಳೂರಿನ ಯಾವ ಕೋವರ್ಕಿಂಗ್ ನಿಯಮಾವಳಿಯಲ್ಲೂ ಇರಲಿಕ್ಕಿಲ್ಲ. ಒಂದು ಮಧ್ಯಾಹ್ನ ನೋಡಿದರೆ ಅನಿಮೇಷನ್ ಹುಡುಗಿ ನೆಲದ ಮೇಲೆ ಕೂತು, ಆ ಹಿರಿಯರ ಕೈಯಲ್ಲಿದ್ದ ಭುಜಕೀರ್ತಿಯನ್ನು ತಿರುತಿರುಗಿಸಿ ಸ್ಕೆಚ್ ಮಾಡುತ್ತಿದ್ದಳು.

ಅವರು ಬಂದ ಮೇಲೆಯೇ ನನಗೆ ಹೊಳೆದದ್ದು, ಮಳೆಗಾಲವೇ ನಮ್ಮ ಸೀಸನ್ ಅಂತ. ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿದ ಮೇಲೆ ವೇಷದ ರಿಪೇರಿ. ಮದುವೆ ಮುಹೂರ್ತಗಳು ಮುಗಿದ ಮೇಲೆ ಎಡಿಟಿಂಗ್. ಬೇಸಿಗೆಯಲ್ಲಿ ಅರ್ಧ ಟೇಬಲ್ ಖಾಲಿ. ಅದಕ್ಕೇ ತಿಂಗಳ ಬಾಡಿಗೆಯ ಜೊತೆಗೆ ಹತ್ತು ದಿನದ ಕಾರ್ಡ್ ಮಾಡಿದೆ, ಮೂರು ತಿಂಗಳೊಳಗೆ ಯಾವಾಗ ಬೇಕಾದರೂ ಬರಬಹುದು. ಇಂಥ ಕೆಲಸದವರಿಗೆ ದುಡ್ಡು ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಬಾಡಿಗೆ ಮಾತ್ರ ಒಂದನೇ ತಾರೀಕು ಕೊಡಿ ಅಂದರೆ ಹೇಗೆ?

ದನಿ ಕೊಡುವವರು ಕಳೆದ ಪುನರ್ವಸು ಮಳೆಯಲ್ಲಿ ವಾಪಸ್ ಬಂದರು. ನಾನೇ ಫೋನ್ ಮಾಡಿ ಕರೆದಿದ್ದೆ. ಹೊರಗೆ ಜಡಿಮಳೆ. ಕತ್ತಲೆ ಕೋಣೆಯಲ್ಲಿ ಕೂತು ಎರಡು ಅಧ್ಯಾಯ ಓದಿ ಮುಗಿಸಿದರು. ಇಬ್ಬರೂ ಕೂತು ಕೇಳಿದೆವು. ಮಳೆಯ ಸುಳಿವೇ ಇಲ್ಲ. ಹನ್ನೆರಡನೇ ನಿಮಿಷದಲ್ಲಿ ಮಾತ್ರ ಮುಚ್ಚಿಗೆಯ ಸಂದಿಯಿಂದ ಹಲ್ಲಿ ಲೊಚಗುಟ್ಟಿತು, ಸ್ಪಷ್ಟವಾಗಿ, ಮೂರು ಸಲ. ಅದಕ್ಕೆ ಇನ್ನೂ ಉಪಾಯ ಸಿಕ್ಕಿಲ್ಲ.