ಬೇಲಿಯ ತಂತಿ, ಅಡಿಕೆ ಕೊನೆ ಮತ್ತು ನನ್ನ ಕ್ರಿಮಿನಲ್ ಲಾ

ಲಾ ಕಾಲೇಜಿನಲ್ಲಿ ಕ್ರಿಮಿನಲ್ ಲಾದ ಮೊದಲ ಕಿರುಪರೀಕ್ಷೆಯಲ್ಲೇ ಎಡವಿದೆ. ಕೊಲೆಯ ಬಗ್ಗೆ ಮೂರು ಪುಟ ಬರೆದು, ಎಲ್ಲ ಕಡೆ 302 ಅಂತ ಹಾಕಿದ್ದೆ. ಸೀನಿಯರ್ ಅಕ್ಕ ಕೊಟ್ಟ ನೋಟ್ಸ್ ನಂಬಿದ್ದರ ಫಲ ಅದು. ನೋಟ್ಸ್ ಐಪಿಸಿ, ಅಂದರೆ ಹಳೆ ಭಾರತೀಯ ದಂಡ ಸಂಹಿತೆಯ ಕಾಲದ್ದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಕೊಲೆಗೆ ಶಿಕ್ಷೆ ಹೇಳುವುದು ಸೆಕ್ಷನ್ 103. ಹೊಸ 302 ಅಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು! ಮೇಡಂ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಇವನು ಬೈದನೋ, ಕೊಂದನೋ?’

ಅವತ್ತೇ ಶಿರಸಿ ಪೇಟೆಯಲ್ಲಿ ಹೊಸ ಸಂಹಿತೆಯ ಬೇರ್ ಆಕ್ಟ್, ಅಂದರೆ ಕಾನೂನಿನ ಮೂಲ ಪಠ್ಯ ಮಾತ್ರ ಇರುವ ಪುಸ್ತಕ, ಕೊಂಡೆ. ಹಳೆಯದರಲ್ಲಿ 511 ಸೆಕ್ಷನ್ ಇದ್ದವು, ಹೊಸದರಲ್ಲಿ 358. ಪ್ರತಿ ಮುಖ್ಯ ಸೆಕ್ಷನ್ ಪಕ್ಕ ಹಳೆ ನಂಬರನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಹಳೆ ತೀರ್ಪುಗಳೆಲ್ಲ ಹಳೆ ನಂಬರಿನಲ್ಲೇ ಮಾತಾಡುತ್ತವೆ, ಅಲ್ವಾ? ಹಳೆ 420ರ ವಂಚನೆ ಈಗ 318(4)ಕ್ಕೆ ಹೋಗಿದೆ. ನಮ್ಮೂರಲ್ಲಿ ಮೋಸಗಾರ ಮಾತ್ರ ಇನ್ನೂ ಫೋರ್ ಟ್ವೆಂಟಿಯೇ.

ಕ್ಲಾಸಿಗೆ ಹೋಗುವ ಮುಂಚೆ ಒಂದೇ ಕೆಲಸ ಮಾಡುತ್ತಿದ್ದೆ. ಸೆಕ್ಷನ್ನನ್ನು ತುಂಡು ಮಾಡುವುದು. ಕಳ್ಳತನ, ಅಂದರೆ 303, ತಗೊಳ್ಳಿ. ಅಪ್ರಾಮಾಣಿಕ ಉದ್ದೇಶ, ಚರ ಸೊತ್ತು (ಎತ್ತಿ ಸಾಗಿಸಬಹುದಾದದ್ದು), ಇನ್ನೊಬ್ಬರ ಸ್ವಾಧೀನ, ಅವರ ಒಪ್ಪಿಗೆ ಇಲ್ಲದಿರುವುದು, ಸೊತ್ತನ್ನು ಕದಲಿಸುವುದು. ಐದು ತುಂಡು. ಒಂದು ತಪ್ಪಿದರೂ ಕಳ್ಳತನ ಇಲ್ಲ. ಸೆಕ್ಷನ್ ಕೆಳಗೆ ಕೊಟ್ಟ ಉದಾಹರಣೆಗಳನ್ನು ಸುಮ್ನೆ ದಾಟಿ ಹೋಗಬೇಡಿ. ಬೇರೆಯವರ ಜಾಗದ ಮರ ಕಡಿದವನ ಕತೆ ಅಲ್ಲಿದೆ. ನೆಲಕ್ಕೆ ಅಂಟಿಕೊಂಡಿರುವಷ್ಟು ಹೊತ್ತು ಮರ ಚರ ಸೊತ್ತಲ್ಲ, ಕಡಿದ ಕ್ಷಣ ಚರ ಸೊತ್ತು. ನಾನು ಅದನ್ನು ನಮ್ಮ ತೋಟಕ್ಕೆ ತಂದೆ. ಅಡಿಕೆ ಕೊನೆ ಮರದಲ್ಲಿದೆ, ಕಳ್ಳ ಹತ್ತಿದ್ದಾನೆ, ಕತ್ತಿ ಇನ್ನೂ ತಾಗಿಲ್ಲ. ಕಳ್ಳತನ ಆಯ್ತಾ? ಊಟಕ್ಕೆ ಕೂತಾಗ ಅಪ್ಪಯ್ಯನನ್ನು ಕೇಳಿದೆ. ‘ಮರ ಹತ್ತಿದ ಮೇಲೆ ಇನ್ನೆಂತ ಆಗೂದು, ಕಳ್ಳನೇ’ ಅಂದರು. ಕಾನೂನಿನ ಪ್ರಕಾರ ಅದು ಬರೀ ಪ್ರಯತ್ನ, ಸೆಕ್ಷನ್ 62. ಅಪ್ಪಯ್ಯನಿಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ತೀರ್ಪುಗಳಿಗೆ ಸಣ್ಣ ಚೀಟಿ. ಏನಾಯಿತು, ಪ್ರಶ್ನೆ ಏನು, ಕೋರ್ಟು ಏನಂದಿತು, ಯಾಕೆ. ನಾಲ್ಕೇ ಸಾಲು. ನನಗೆ ಮರೆಯದೆ ಉಳಿದದ್ದು ಚೆರೂಬಿನ್ ಗ್ರೆಗರಿ ಪ್ರಕರಣ. ಬಿಹಾರದ್ದು, 1964ರ ಕಾನೂನು ವರದಿಯಲ್ಲಿದೆ. ಪಕ್ಕದ ಮನೆಯವರು ತನ್ನ ಪಾಯಖಾನೆ ಬಳಸುತ್ತಾರೆ ಅಂತ ಒಬ್ಬ ಆ ದಾರಿಗೆ ಕರೆಂಟಿನ ತಂತಿ ಎಳೆದ. ಎಚ್ಚರಿಕೆಯನ್ನೂ ಕೊಡಲಿಲ್ಲ. ಒಬ್ಬ ಹೆಂಗಸು ಸತ್ತಳು. ನನ್ನ ಜಾಗ, ಅವಳು ಅತಿಕ್ರಮಣ ಮಾಡಿದಳು ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿರ್ಲಕ್ಷ್ಯದಿಂದಾದ ಸಾವು ಅಂತ ಅವನಿಗಾದ ಶಿಕ್ಷೆ ಉಳಿಯಿತು. ಕಾಡುಹಂದಿಗೆ ಅಂತ ಗದ್ದೆಬೇಲಿಗೆ ಕರೆಂಟ್ ಕೊಡುವ ಚಾಳಿ ನಮ್ಮ ಕಡೆಯೂ ಉಂಟು. ಹಾಗಾಗಿ ಇದು ಪುಸ್ತಕದ ಕತೆ ಅನಿಸಲೇ ಇಲ್ಲ.

ಇದನ್ನೇ ಇಟ್ಟುಕೊಂಡು ನಾವು ಮೂವರು ಗೆಳತಿಯರು ತಾಳಮದ್ದಲೆ, ಅಂದರೆ ವೇಷವಿಲ್ಲದೆ ಕೂತು ಮಾತಾಡುವ ಯಕ್ಷಗಾನ, ಮಾಡುತ್ತಿದ್ದೆವು. ಹಾಡುವ ಭಾಗವತರಿಲ್ಲ, ಚೆಂಡೆ ಇಲ್ಲ, ಅರ್ಥ ಮಾತ್ರ, ಅಂದರೆ ಪಾತ್ರದ ಮಾತು. ಒಬ್ಬಳು ಬೇಲಿ ಹಾಕಿದವನ ಪರ, ಇನ್ನೊಬ್ಬಳು ಸರ್ಕಾರದ ಪರ, ಮೂರನೆಯವಳು ಜಡ್ಜ್. ‘ರಾತ್ರಿ ಆ ದಾರೀಲಿ ಜನ ಓಡಾಡ್ತಾರೆ ಅಂತ ಅವನಿಗೆ ಗೊತ್ತಿತ್ತಾ?’ ಗೊತ್ತಿರಲಿಲ್ಲ, ಎಚ್ಚರ ತಪ್ಪಿದ ಅಷ್ಟೆ ಅಂದರೆ ನಿರ್ಲಕ್ಷ್ಯದ ಸಾವು, ಸೆಕ್ಷನ್ 106. ಸಾವು ಸಂಭವಿಸಬಹುದು ಅಂತ ತಿಳಿದೇ ತಂತಿ ಎಳೆದ ಅಂದರೆ 105ರ ಕಡೆಗೆ, ಕೊಲೆಯಲ್ಲದ ನರಹತ್ಯೆಯ ಕಡೆಗೆ, ವಾಲುತ್ತದೆ. ಮುಂದಿನ ಸಲ ಪಾತ್ರ ಅದಲುಬದಲು. ವಾಲಿಯ ಅರ್ಥ ಹೇಳಿದವನು ನಾಳೆ ರಾಮನಾಗುವ ಹಾಗೆ. ಎದುರಿನವರ ವಾದವನ್ನು ನಮ್ಮ ಬಾಯಲ್ಲೇ ಹೇಳಿದ ಮೇಲೆ ಉತ್ತರದಲ್ಲಿ ಎರಡೂ ಕಡೆ ತಾನಾಗಿ ಬರುತ್ತಿತ್ತು. ಕೊಲೆಗೂ ಕೊಲೆಯಲ್ಲದ ನರಹತ್ಯೆಗೂ ಇರುವ ಗೆರೆ ನನಗೆ ಕಂಡದ್ದು ಹೀಗೇ. ಅದಕ್ಕೆ ಎಲ್ಲರೂ ಹೇಳುವುದು 1876ರ ಗೋವಿಂದನ ಪ್ರಕರಣ. ಹೆಂಡತಿಯನ್ನು ಹೊಡೆದು ಕೊಂದ ಹದಿನೆಂಟರ ಹುಡುಗ. ತೀರ್ಪು ಬಾಂಬೆ ಹೈಕೋರ್ಟಿನದು. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು.

ರಾಜ್ಯದ ವಿರುದ್ಧದ ಅಪರಾಧಗಳನ್ನು ಕೊನೇ ವಾರ ಓದಿದೆ, ಸರಿಯಾಗಿ ಓದಲಿಲ್ಲ. ಅಂಕವೂ ಹಾಗೇ ಬಂತು.

ಪರೀಕ್ಷೆಯಲ್ಲಿ ಸಮಸ್ಯೆಯ ಪ್ರಶ್ನೆಗಳನ್ನು ಮೊದಲು ಬರೆದೆ, ತಲೆ ತಾಜಾ ಇರುವಾಗಲೇ. ಮೊದಲ ಸಾಲಲ್ಲೇ ತೀರ್ಮಾನ ಹೇಳಲಿಲ್ಲ. ಸೆಕ್ಷನ್ನಿನ ತುಂಡುಗಳನ್ನು ಬರೆದು, ಪ್ರತಿ ತುಂಡಿಗೂ ಪ್ರಶ್ನೆಯಲ್ಲಿದ್ದ ಘಟನೆಯನ್ನು ಹೊಂದಿಸಿ, ಆಮೇಲೆ ತೀರ್ಮಾನ. ಕರೆಂಟ್ ತಂತಿಯ ಪ್ರಶ್ನೆ ಬಂದೇ ಬಂತು. ಪ್ರಕರಣದ ಹೆಸರೇ ಹೊಳೆಯಲಿಲ್ಲ. ‘ಪಾಯಖಾನೆಯ ದಾರಿಗೆ ತಂತಿ ಎಳೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ’ ಅಂತ ಬರೆದು, ಹೆಸರಿಗೆ ಜಾಗ ಬಿಟ್ಟೆ. ಚೆರೂಬಿನ್ ಅಂತ ನೆನಪಾದದ್ದು ಮನೆಗೆ ಹೋಗುವ ಬಸ್ಸಿನಲ್ಲಿ, ಶಿರಸಿಯ ಐದು ರಸ್ತೆ ಸರ್ಕಲ್ ದಾಟಿದ ಮೇಲೆ.