ಚೆಂಡು ಹುಡುಕುವ ರೋಬಾಟ್: ಕ್ಯಾಮೆರಾ ಸೆನ್ಸರ್‌ಗೆ ಬಣ್ಣ ಕಲಿಸುವುದು ಹೇಗೆ?

ಶಾಲೆಗಳ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಲ್ಲಿ ಆರನೇ ತರಗತಿಯಿಂದ ಹನ್ನೆರಡರವರೆಗಿನ ಮಕ್ಕಳು ಆರ್ಡುಯಿನೊ ಬೋರ್ಡ್ (ನಾವು ಬರೆದ ಕೋಡ್‌ನಂತೆ ನಡೆಯುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಹಿಡಿದು ರೋಬಾಟ್ ಕಟ್ಟುತ್ತಿದ್ದಾರೆ. ಕಪ್ಪು ಪಟ್ಟಿಯ ಜಾಡಿನಲ್ಲಿ ಓಡುವ ಗಾಡಿ ಆಯಿತು, ಗೋಡೆ ಎದುರಾದರೆ ತಿರುಗುವ ಗಾಡಿಯೂ ಆಯಿತು. ಮುಂದಿನ ಹೆಜ್ಜೆ, ನೆಲದ ಮೇಲಿರುವ ಚೆಂಡನ್ನು ತಾನೇ ನೋಡಿ ಅದರ ಬಳಿಗೆ ಹೋಗುವ ಗಾಡಿ. ಇದನ್ನು ಎಂಟನೇ ತರಗತಿಯ ವಿದ್ಯಾರ್ಥಿಯೂ ಮಾಡಬಹುದು. ಆದರೆ ಹೆಚ್ಚಿನವರು ನೇರವಾಗಿ ಕೋಡ್‌ಗೆ ಕೈ ಹಾಕುತ್ತಾರೆ. ರೋಬಾಟ್ ದಾರಿ ತಪ್ಪಿದಾಗ ಸಾಲು ಸಾಲಾಗಿ ಕೋಡನ್ನೇ ತಿದ್ದುತ್ತಾ ಕೂರುತ್ತಾರೆ. ತಪ್ಪು ಅಲ್ಲಿರುವುದು ಕಡಿಮೆ. ಬೆಳಕು ಮತ್ತು ಬಣ್ಣ ಸರಿಹೋದರೆ ಕೋಡ್ ಹತ್ತಿಪ್ಪತ್ತು ಸಾಲಿನ ಕೆಲಸ.

ಇಲ್ಲಿ ಬಳಸುವುದು ಪಿಕ್ಸಿ–2 ಎಂಬ ಕ್ಯಾಮೆರಾ ಸೆನ್ಸರ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಚಾರ್ಮ್ಡ್ ಲ್ಯಾಬ್ಸ್ ಸೇರಿ ರೂಪಿಸಿದ ಪಿಕ್ಸಿಯ ಎರಡನೇ ಆವೃತ್ತಿ ಇದು, 2018ರಲ್ಲಿ ಬಂತು. ತೂಕ ಸುಮಾರು 10 ಗ್ರಾಂ. ಮಾಮೂಲಿ ಕ್ಯಾಮೆರಾವನ್ನೇ ಆರ್ಡುಯಿನೊದ ‘ಊನೊ’ ಎಂಬ ಮಾದರಿಯ ಬೋರ್ಡ್‌ಗೆ ಜೋಡಿಸಲು ಏಕೆ ಆಗದು? ಊನೊದ ಕೆಲಸದ ಮೆಮೊರಿ 2 ಕಿಲೋಬೈಟ್ ಮಾತ್ರ. 316 ಪಿಕ್ಸೆಲ್ ಅಡ್ಡ, 208 ಪಿಕ್ಸೆಲ್ ಉದ್ದದ ಒಂದು ಕಪ್ಪು–ಬಿಳುಪು ಚಿತ್ರಕ್ಕೇ 65 ಸಾವಿರಕ್ಕೂ ಹೆಚ್ಚು ಬೈಟ್ ಬೇಕು. ಹಾಗಾಗಿ ಪಿಕ್ಸಿ ತನ್ನೊಳಗಿನ ಪ್ರೊಸೆಸರ್‌ನಲ್ಲೇ ಚಿತ್ರವನ್ನು ಪರಿಶೀಲಿಸಿ, ಆರ್ಡುಯಿನೊಗೆ ನಾಲ್ಕಾರು ಅಂಕಿಗಳನ್ನಷ್ಟೇ ಕಳುಹಿಸುತ್ತದೆ. ಸೆಕೆಂಡಿಗೆ 60 ಬಾರಿ.

ಮೊದಲು ಚೆಂಡು ಆರಿಸಿ

ಪಿಕ್ಸಿಗೆ ಚೆಂಡು ಎಂಬ ವಸ್ತು ಗೊತ್ತಿಲ್ಲ. ಕಲಿಸಿದ ಬಣ್ಣ ಎಲ್ಲಿ ಗುಂಪಾಗಿ ಕಾಣುತ್ತದೆಯೋ ಅದರ ಸುತ್ತ ಒಂದು ಚೌಕಟ್ಟು ಎಳೆದು, ಅದರ ನಡುಬಿಂದು, ಅಗಲ, ಎತ್ತರವನ್ನು ತಿಳಿಸುತ್ತದೆ. ಬಣ್ಣವನ್ನು ಗುರುತಿಸಲು ಅದು ಮುಖ್ಯವಾಗಿ ನೋಡುವುದು ವರ್ಣಛಾಯೆ ಮತ್ತು ಗಾಢತೆಯನ್ನು. ಬಿಳಿ, ಕಪ್ಪು, ಬೂದು ಬಣ್ಣಗಳಿಗೆ ಛಾಯೆಯೇ ಇಲ್ಲ, ಅವನ್ನು ಕಲಿಸಲು ಹೋಗಬೇಡಿ.

ಕೆಂಪು ಚೆಂಡು ಎದ್ದು ಕಾಣುತ್ತದೆ ಎಂದು ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ನಮ್ಮ ಎಷ್ಟೋ ಹಳೆಯ ಶಾಲೆಗಳ ನೆಲ ರೆಡ್ ಆಕ್ಸೈಡ್‌ನದು. ಆ ನೆಲದ ಮೇಲೆ ಕೆಂಪು ಚೆಂಡು ಇಟ್ಟರೆ ಚೌಕಟ್ಟು ಕೋಣೆಯಷ್ಟು ಅಗಲವಾಗುತ್ತದೆ. ಕಿತ್ತಳೆ ಬಣ್ಣದ ತೊಂದರೆ ಬೇರೆ. ನಮ್ಮ ಚರ್ಮದ ಬಣ್ಣದ ಛಾಯೆ ಅದಕ್ಕೆ ಹತ್ತಿರ, ಆದ್ದರಿಂದ ಮಿತಿ ಸ್ವಲ್ಪ ಸಡಿಲವಾದರೂ ರೋಬಾಟ್ ಚೆಂಡು ಬಿಟ್ಟು ಹುಡುಗರ ಕೈಕಾಲುಗಳ ಬೆನ್ನು ಹತ್ತುತ್ತದೆ. ನಾನು ಸೂಚಿಸುವುದು ಗಲ್ಲಿ ಕ್ರಿಕೆಟ್‌ನ ಹಸಿರು–ಹಳದಿ ಟೆನಿಸ್ ಚೆಂಡನ್ನು. ಬಣ್ಣ ಗಾಢ, ಮೇಲ್ಮೈ ನುಣುಪಲ್ಲ. ನುಣುಪಾದ ಪ್ಲಾಸ್ಟಿಕ್ ಚೆಂಡಿನ ಮೇಲೆ ದೀಪದ ಹೊಳಪು ಬಿದ್ದ ಜಾಗ ಬಿಳಿಯಾಗಿ ಕಾಣುತ್ತದೆ, ಅಷ್ಟು ಭಾಗ ಸೆನ್ಸರ್ ಪಾಲಿಗೆ ತೂತೇ ಸರಿ.

ಜೋಡಣೆ

ಪಿಕ್ಸಿಯೊಂದಿಗೆ ಬರುವ ಕೇಬಲನ್ನು ಊನೊದ ಆರು ಮುಳ್ಳಿನ ಐಸಿಎಸ್‌ಪಿ ಕನೆಕ್ಟರ್‌ಗೆ ಸಿಕ್ಕಿಸಿ. ಈ ಕನೆಕ್ಟರ್ ಒಳಗಿನಿಂದ 11, 12, 13ನೇ ಪಿನ್‌ಗಳಿಗೇ ಸೇರಿದೆ. ಮೋಟಾರ್‌ಗಳ ವೇಗ, ದಿಕ್ಕು ನಿಯಂತ್ರಿಸುವ ಮೋಟಾರ್ ಡ್ರೈವರ್ ಬೋರ್ಡ್‌ನ ತಂತಿಗಳನ್ನೂ ಅಲ್ಲೇ ಕೊಟ್ಟರೆ ಪಿಕ್ಸಿ ಮೌನವಾಗುತ್ತದೆ. ಕಾರಣ ತಿಳಿಯದೆ ಸೆನ್ಸರ್ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಎಲ್298ಎನ್ ಡ್ರೈವರ್ ಆದರೆ ವೇಗದ ಎರಡು ತಂತಿಗಳನ್ನು 5 ಮತ್ತು 6ಕ್ಕೆ, ದಿಕ್ಕಿನ ನಾಲ್ಕನ್ನು 2, 4, 7, 8ಕ್ಕೆ ಕೊಡಿ. ಮೋಟಾರ್‌ಗೆ ಪ್ರತ್ಯೇಕ ಬ್ಯಾಟರಿ ಇರಲಿ, ಗ್ರೌಂಡ್ (ಋಣ ತಂತಿ) ಮಾತ್ರ ಎಲ್ಲಕ್ಕೂ ಒಂದೇ.

ಕ್ಯಾಮೆರಾವನ್ನು ಮುಂಭಾಗದಲ್ಲಿ ಒಂದು ಗೇಣು ಎತ್ತರದಲ್ಲಿ, ಮೂತಿ ತುಸು ಕೆಳಗೆ ಮಾಡಿ ಕೂರಿಸಿ. ಕಿಟಕಿ ಚಿತ್ರದೊಳಗೆ ಬರಬಾರದು. ಬಂದರೆ ಆ ಬೆಳಕಿಗೆ ಹೊಂದಿಕೊಳ್ಳಲು ಹೋಗಿ ಇಡೀ ಚಿತ್ರ ಕಪ್ಪಾಗುತ್ತದೆ.

ಬಣ್ಣ ಕಲಿಸುವುದು

ಪಿಕ್ಸಿಮಾನ್ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿಕೊಂಡು, ಯುಎಸ್‌ಬಿ ಕೇಬಲ್‌ನಿಂದ ಪಿಕ್ಸಿಯನ್ನು ಜೋಡಿಸಿ. ಅದು ಕಾಣುವ ದೃಶ್ಯ ಪರದೆಯ ಮೇಲೆ ಬರುತ್ತದೆ. ಮಸುಕಾಗಿದ್ದರೆ ಲೆನ್ಸನ್ನು ಮೆಲ್ಲಗೆ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಈಗ ಚೆಂಡನ್ನು ಅರ್ಧ ಮೀಟರ್ ದೂರದಲ್ಲಿ, ರೋಬಾಟ್ ಓಡಬೇಕಾದ ಅದೇ ನೆಲದ ಮೇಲೆ, ಅದೇ ದೀಪದ ಕೆಳಗೆ ಇಡಿ. ಆಕ್ಷನ್ ಮೆನುವಿನಲ್ಲಿ ಮೊದಲ ಸಿಗ್ನೇಚರ್ (ಕಲಿಸಿದ ಬಣ್ಣದ ಗುರುತು) ಹೊಂದಿಸುವ ಆಯ್ಕೆ ಒತ್ತಿದರೆ ಚಿತ್ರ ನಿಲ್ಲುತ್ತದೆ. ಮೌಸ್‌ನಿಂದ ಚೆಂಡಿನ ಒಳಗೇ ಒಂದು ಚೌಕ ಎಳೆಯಿರಿ. ಅಂಚು ದಾಟಿ ನೆಲ ಸೇರಿಕೊಂಡರೆ ನೆಲದ ಬಣ್ಣವನ್ನೂ ಕಲಿಸಿದಂತಾಗುತ್ತದೆ.

ಮುಂದಿನ ಭಾಗಕ್ಕೆ ಸಮಯ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ಆ ಸಿಗ್ನೇಚರ್‌ನ ವ್ಯಾಪ್ತಿಯನ್ನು ಹಿಗ್ಗಿಸುವ, ಕುಗ್ಗಿಸುವ ಸ್ಲೈಡರ್ ಇದೆ. ಒಬ್ಬರು ಸ್ಲೈಡರ್ ಹಿಡಿಯಲಿ, ಇನ್ನೊಬ್ಬರು ಚೆಂಡನ್ನು ಬೆಂಚಿನ ನೆರಳಿಗೆ, ಟ್ಯೂಬ್‌ಲೈಟ್ ಕೆಳಕ್ಕೆ, ಬಾಗಿಲ ಬಳಿಗೆ ಒಯ್ಯಲಿ. ವ್ಯಾಪ್ತಿ ಕಿರಿದಾದರೆ ನೆರಳಿಗೆ ಹೋದ ಕೂಡಲೇ ಚೌಕಟ್ಟು ಮಾಯ. ಹಿರಿದಾದರೆ ಗೋಡೆಯ ಮೂಲೆಯಲ್ಲೋ ಹಸಿರು ಹಲಗೆಯ ಮೇಲೋ ಪುಟ್ಟ ಚೌಕಟ್ಟುಗಳು ಮಿನುಗತೊಡಗುತ್ತವೆ. ಎಲ್ಲ ಜಾಗದಲ್ಲೂ ಚೆಂಡು ಸಿಗಬೇಕು, ಚೆಂಡು ತೆಗೆದಾಗ ಪರದೆ ಖಾಲಿಯಾಗಬೇಕು. ಎರಡನೆಯದನ್ನು ಪರೀಕ್ಷಿಸಲು ಬಹಳ ಮಂದಿ ಮರೆಯುತ್ತಾರೆ. ಬೆಳಕು ಸಾಲದಿದ್ದರೆ ಪಿಕ್ಸಿ–2ರ ಮೈಮೇಲೇ ಎರಡು ಬಿಳಿ ಎಲ್‌ಇಡಿಗಳಿವೆ, ಹಚ್ಚಿಕೊಳ್ಳಿ. ಹೀಗೆ ಏಳು ಬಣ್ಣಗಳವರೆಗೆ ಕಲಿಸಬಹುದು, ಆದರೆ ಒಂದು ಗಟ್ಟಿಯಾಗುವ ಮೊದಲು ಇನ್ನೊಂದು ಬೇಡ.

ಅಂಕಿ ಓದಿ, ಆಮೇಲೆ ಚಕ್ರ ತಿರುಗಿಸಿ

ಕೋಡ್ ಬರೆಯುವ ತಂತ್ರಾಂಶವಾದ ಆರ್ಡುಯಿನೊ ಐಡಿಇಗೆ ಪಿಕ್ಸಿ–2 ಲೈಬ್ರರಿ (ಸಿದ್ಧ ಕೋಡ್‌ಗಳ ಕಟ್ಟು) ಸೇರಿಸಿ, ಅದರಲ್ಲಿರುವ ‘ಹಲೋ ವರ್ಲ್ಡ್’ ಮಾದರಿಯನ್ನು ಬೋರ್ಡ್‌ಗೆ ಕಳುಹಿಸಿ. ಬೋರ್ಡ್ ಕಳುಹಿಸುವ ಅಂಕಿಗಳನ್ನು ತೋರಿಸುವ ಸೀರಿಯಲ್ ಮಾನಿಟರ್ ಕಿಟಕಿಯ ವೇಗ 115200ಕ್ಕೆ ಇರಲಿ. ಮೋಟಾರ್ ತಂತಿ ಕಳಚಿಟ್ಟು, ಚೆಂಡನ್ನು ಕೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ ಒಯ್ಯಿರಿ. ‘ಎಕ್ಸ್’ ಅಂಕಿ 0ಯಿಂದ 315ರತ್ತ ಏರುತ್ತದೆ, ನಟ್ಟ ನಡುವೆ 158. ಚೆಂಡನ್ನು ಹತ್ತಿರ ತಂದರೆ ‘ಅಗಲ’ ಹೆಚ್ಚುತ್ತದೆ. ದೂರ ಎರಡು ಪಟ್ಟಾದರೆ ಅಗಲ ಅರ್ಧವಾಗುತ್ತದೆ. ಟೆನಿಸ್ ಚೆಂಡು 30 ಸೆಂಟಿಮೀಟರ್ ದೂರದಲ್ಲಿ ಹೆಚ್ಚುಕಡಿಮೆ 60 ಪಿಕ್ಸೆಲ್ ಅಗಲ ಕಾಣಬೇಕು. ಮಕ್ಕಳು ಅಳತೆಪಟ್ಟಿ ಇಟ್ಟು ತಮ್ಮದೇ ಕೋಷ್ಟಕ ಬರೆದುಕೊಂಡರೆ ದೂರ ಅಳೆಯುವ ಇನ್ನೊಂದು ಸೆನ್ಸರ್ ಬೇಕಾಗುವುದಿಲ್ಲ.

ಈಗ ಕೋಡ್. ಮತ್ತೆ ಮತ್ತೆ ಓಡುವ ‘ಲೂಪ್’ ಭಾಗದೊಳಗೆ ಮೊದಲು ಪಿಕ್ಸಿ ಕಂಡ ಚೌಕಟ್ಟುಗಳನ್ನು ತರುವ ‘ಗೆಟ್‌ಬ್ಲಾಕ್ಸ್’ ಆದೇಶವನ್ನು ಕರೆಯಿರಿ. ಸಿಕ್ಕ ಚೌಕಟ್ಟುಗಳನ್ನು ಪಿಕ್ಸಿ ಗಾತ್ರದ ಪ್ರಕಾರ ಜೋಡಿಸಿರುತ್ತದೆ, ಎಣಿಕೆ ಸೊನ್ನೆಯಿಂದ ಶುರು, ಆ ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ಅದರ ಎಕ್ಸ್‌ನಿಂದ 158 ಕಳೆಯಿರಿ. ಬಂದದ್ದು ದಾರಿ ತಪ್ಪಿದ ಅಳತೆ. ಅದನ್ನು 0.4ರಿಂದ ಗುಣಿಸಿ, ಎಡ ಚಕ್ರದ ವೇಗಕ್ಕೆ ಕೂಡಿಸಿ, ಬಲ ಚಕ್ರದ ವೇಗದಿಂದ ಕಳೆಯಿರಿ. ಮೂಲ ವೇಗ 120 ಎಂದಿಟ್ಟುಕೊಳ್ಳಿ. ಚೆಂಡು ಬಲಕ್ಕೆ 208ರಲ್ಲಿ ಕಂಡರೆ ವ್ಯತ್ಯಾಸ 50, ತಿದ್ದುಪಡಿ 20. ಎಡ ಚಕ್ರ 140, ಬಲ ಚಕ್ರ 100. ಗಾಡಿ ಬಲಕ್ಕೆ ಹೊರಳುತ್ತದೆ. ಚೆಂಡು ನಡುವಿಗೆ ಬಂದಂತೆ ತಿದ್ದುಪಡಿಯೂ ಕರಗುತ್ತದೆ. ‘ಎಡಕ್ಕಿದ್ದರೆ ಎಡಕ್ಕೆ, ಬಲಕ್ಕಿದ್ದರೆ ಬಲಕ್ಕೆ’ ಎಂದು ಬರೀ ಎರಡು ಷರತ್ತು ಬರೆದರೆ ಗಾಡಿ ಹಾವಿನಂತೆ ಹರಿದಾಡುತ್ತದೆ. ಗುಣಕವನ್ನು ಅತಿಯಾಗಿ ಏರಿಸಿದರೂ ಅದೇ ಪಾಡು. ಇಂಥ ಗಾಡಿಗಳ ಚಕ್ರ ತಿರುಗಿಸುವ ಪುಟ್ಟ ಬಿಓ ಮೋಟಾರ್‌ಗಳು ತೀರಾ ಕಡಿಮೆ ಅಂಕಿಗೆ ಅಲ್ಲಾಡುವುದಿಲ್ಲ, ನಿಮ್ಮ ಮೋಟಾರ್ ಎಷ್ಟಕ್ಕೆ ತಿರುಗಲಾರಂಭಿಸುತ್ತದೆ ಎಂದು ಮೊದಲೇ ನೋಡಿಕೊಂಡು ವೇಗ ಅದರ ಕೆಳಗಿಳಿಯದಂತೆ ತಡೆ ಹಾಕಿ. ಅಗಲ 110 ದಾಟಿದರೆ ಗಾಡಿ ನಿಲ್ಲಲಿ.

ಚೆಂಡು ಕಾಣದಿದ್ದರೆ? ಹಳೆಯ ವೇಗದಲ್ಲೇ ಮುಂದೆ ಹೋಗಲು ಬಿಡಬೇಡಿ. ಕೊನೆಯ ಬಾರಿ ಯಾವ ಕಡೆ ಕಂಡಿತ್ತು ಎಂಬುದನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಆ ಕಡೆಗೆ ನಿಧಾನ ತಿರುಗುತ್ತಾ ಹುಡುಕಲಿ. ಕ್ಷಣಮಾತ್ರ ಮಿನುಗುವ ಸುಳ್ಳು ಚೌಕಟ್ಟುಗಳಿಗೂ ಉಪಾಯವಿದೆ: ಒಂದು ಚೌಕಟ್ಟು ಎಷ್ಟು ಫ್ರೇಮ್‌ಗಳಿಂದ ಕಾಣುತ್ತಿದೆ ಎಂಬುದನ್ನು ‘ಏಜ್’ ಎಂಬ ಅಂಕಿ ಹೇಳುತ್ತದೆ, ಅದು 5ಕ್ಕಿಂತ ಕಡಿಮೆಯಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಲೂಪ್‌ನಲ್ಲಿ ‘ಡಿಲೇ’ (ಕಾಯಿಸುವ ಆದೇಶ) ಬೇಡವೇ ಬೇಡ. ಸೆಕೆಂಡಿಗೆ 40 ಸೆಂಟಿಮೀಟರ್ ಓಡುವ ಗಾಡಿ ಅರ್ಧ ಸೆಕೆಂಡ್ ಕಣ್ಣು ಮುಚ್ಚಿದರೆ 20 ಸೆಂಟಿಮೀಟರ್ ಕುರುಡಾಗಿ ಸಾಗಿರುತ್ತದೆ.

ಕಲಿಸಿದ ಬಣ್ಣ ವಿದ್ಯುತ್ ಹೋದರೂ ಪಿಕ್ಸಿಯಲ್ಲಿ ಉಳಿಯುತ್ತದೆ. ಆದರೂ ಪಿಕ್ಸಿಮಾನ್‌ನ ಫೈಲ್ ಮೆನುವಿನಿಂದ ಒಂದು ಪ್ರತಿ ಉಳಿಸಿಡಿ. ಸ್ಪರ್ಧೆಯ ಸಭಾಂಗಣದ ದೀಪ ನಿಮ್ಮ ಲ್ಯಾಬಿನದಲ್ಲ, ಅಲ್ಲಿ ಮತ್ತೆ ಕಲಿಸಬೇಕಾಗುತ್ತದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಪಿಕ್ಸಿಯ ಮೇಲಿನ ಗುಂಡಿಯನ್ನು ಒತ್ತಿ ಹಿಡಿಯಿರಿ. ದೀಪ ಮೊದಲು ಬಿಳಿಯಾಗಿ ನಂತರ ಕೆಂಪಾದಾಗ ಗುಂಡಿ ಬಿಟ್ಟು, ಚೆಂಡನ್ನು ಲೆನ್ಸಿನ ನೇರಕ್ಕೆ ಹಿಡಿಯಿರಿ. ದೀಪ ಚೆಂಡಿನ ಬಣ್ಣಕ್ಕೆ ತಿರುಗಿದಾಗ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ ಮೊದಲ ಸಿಗ್ನೇಚರ್ ಹೊಸ ಬೆಳಕಿಗೆ ಸಿದ್ಧ.