ಮಕ್ಕಳ ನಾಟಕಕ್ಕೆ ವೇಷ ತರುವ ಮುಂಚೆ

ರಾಜ್ಯೋತ್ಸವದ ನಾಟಕಕ್ಕೆ ವೇಷ ಬಾಡಿಗೆಗೆ ತರುವವರೇ, ದಯವಿಟ್ಟು ಹಿಂದಿನ ದಿನ ಸಂಜೆ ತರಬೇಡಿ. ಕೊನೆಯ ಎರಡು ರಿಹರ್ಸಲ್ ಆದರೂ ಪೂರ್ತಿ ವೇಷದಲ್ಲೇ ನಡೆಯಲಿ. ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಪುಟ್ಟ ಕೃಷ್ಣದೇವರಾಯ ಸಿಂಹಾಸನದಿಂದ ಎದ್ದ ತಕ್ಷಣ ಕಿರೀಟ ಕಣ್ಣಿನ ಮೇಲೆ ಜಾರಿತು. ಪಾಪ, ಮಗು ಮಾತೇ ಮರೆತುಬಿಟ್ಟ. ಮೊದಲು ತಲೆಗೆ ಹತ್ತಿ ಬಟ್ಟೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಕಿರೀಟ ಇಡಿ. ಒಳಗೆ ಸ್ಪಂಜಿನ ಪಟ್ಟಿ ಅಂಟಿಸಿದರೆ ಹಣೆಯೂ ನೋಯುವುದಿಲ್ಲ.

ಇನ್ನೊಂದು ಮಾತು. ಎಲ್ಲರಿಗೂ ಸುಮ್ನೆ ಜರಿ ಹೊದಿಸಬೇಡಿ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದರೆ ಸಾಕು, ಬಾಯಿ ಬಿಡುವ ಮೊದಲೇ ರಾಕ್ಷಸ ಅಂತ ಗೊತ್ತಾಗುತ್ತದೆ ಅಲ್ವಾ? ವೇಷದ ಕೆಲಸವೇ ಅದು. ಸೇವಕನಿಗೆ ಮಾಸಲು ಪಂಚೆ ಉಡಿಸಿದರೆ ರಾಜನ ಜರಿ ತಾನಾಗಿ ಎದ್ದು ಕಾಣುತ್ತದೆ. ಚಿಕ್ಕಪೇಟೆಯಲ್ಲಿ ಜರಿ ಅಂಚು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಮನೆಯ ಹಳೇ ಸೀರೆಗೆ ಹೊಲಿದರೆ ಚೆನ್ನಾಗಿರುತ್ತದೆ.

ಲೈಟಿನವರನ್ನೂ ಕೇಳಿಕೊಳ್ಳಿ. ನೀಲಿ ಬೆಳಕಿನಲ್ಲಿ ಕೆಂಪು ಬಟ್ಟೆ ಕಪ್ಪಾಗಿ ಕಾಣುತ್ತದೆ.